ಮಾರ್ಮನ್ ಪ್ರವಾದಿ ತೀರಿಕೊಂಡಾಗ: ಉತ್ತರಾಧಿಕಾರಿ ಯಾರೆಂಬುದು ನಿರ್ಧಾರವಾಗುವ ಬಗೆ

2025ರ ಸೆಪ್ಟೆಂಬರ್ 27ರ ಶನಿವಾರ ರಾತ್ರಿ, ಅಮೆರಿಕದ ಯೂಟಾ ರಾಜ್ಯದ ರಾಜಧಾನಿ ಸಾಲ್ಟ್ ಲೇಕ್ ಸಿಟಿಯ ತಮ್ಮ ಮನೆಯಲ್ಲಿ ರಸೆಲ್ ಎಂ. ನೆಲ್ಸನ್ ತೀರಿಕೊಂಡರು. ಅವರಿಗೆ 101 ವರ್ಷವಾಗಿತ್ತು. ಹೃದಯ ಶಸ್ತ್ರಚಿಕಿತ್ಸಕರಾಗಿ ಹೆಸರು ಮಾಡಿ, ಆಮೇಲೆ ಪೂರ್ಣಾವಧಿಯ ಧರ್ಮಸೇವೆಗೆ ಬಂದ ಅವರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬ ಕ್ರೈಸ್ತ ಪಂಥದ 17ನೇ ಅಧ್ಯಕ್ಷರಾಗಿದ್ದರು. ಹೊರಗಿನವರು ಈ ಪಂಥವನ್ನು ಸಾಮಾನ್ಯವಾಗಿ ಮಾರ್ಮನ್ ಚರ್ಚ್ ಎನ್ನುತ್ತಾರೆ. ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು 2018ರಲ್ಲಿ ಕೋರಿದವರು ಸ್ವತಃ ನೆಲ್ಸನ್. ಜಗತ್ತಿನಾದ್ಯಂತ 1.7 ಕೋಟಿಗೂ ಹೆಚ್ಚು ಸದಸ್ಯರಿರುವ ಈ ಚರ್ಚ್‌ನಲ್ಲಿ ಅಧ್ಯಕ್ಷನೆಂದರೆ ಆಡಳಿತದ ಮುಖ್ಯಸ್ಥ ಮಾತ್ರವಲ್ಲ, ದೇವರ ಮಾತನ್ನು ಇಂದಿಗೂ ಕೇಳಿಸಿಕೊಂಡು ಜನರಿಗೆ ತಲುಪಿಸುವ ಪ್ರವಾದಿ ಎಂಬುದು ಅನುಯಾಯಿಗಳ ನಂಬಿಕೆ.

ನೆಲ್ಸನ್ ತೀರಿಕೊಂಡ ಮರುದಿನವೇ, ಭಾನುವಾರದ ಆರಾಧನೆ ನಡೆಯುತ್ತಿದ್ದಾಗ, ಮಿಷಿಗನ್ ರಾಜ್ಯದ ಗ್ರ್ಯಾಂಡ್ ಬ್ಲಾಂಕ್‌ನಲ್ಲಿದ್ದ ಈ ಚರ್ಚ್‌ನ ಪ್ರಾರ್ಥನಾ ಮಂದಿರದ ಮೇಲೆ ಒಬ್ಬ ದಾಳಿ ಮಾಡಿ ಗುಂಡು ಹಾರಿಸಿ ಬೆಂಕಿಯಿಟ್ಟ. ನಾಲ್ವರು ಪ್ರಾಣ ಕಳೆದುಕೊಂಡರು. ಅದಾದ ಒಂದೇ ವಾರಕ್ಕೆ, ಅಕ್ಟೋಬರ್ 4 ಮತ್ತು 5ರಂದು, ವರ್ಷಕ್ಕೆ ಎರಡು ಬಾರಿ ನಡೆಯುವ ಮಹಾಸಮ್ಮೇಳನ ಸೇರಬೇಕಿತ್ತು, ಸೇರಿತು. ಸಂಸ್ಥೆಯೊಂದಕ್ಕೆ ಇದಕ್ಕಿಂತ ಕಷ್ಟದ ವಾರ ಬರಲಾರದು. ಆ ವಾರದಲ್ಲಿ ಅದಕ್ಕೆ ಅಧ್ಯಕ್ಷರೇ ಇರಲಿಲ್ಲ. ಆದರೂ ಮುಂದಿನ ಅಧ್ಯಕ್ಷರು ಯಾರು ಎಂಬ ಚರ್ಚೆ ಎಲ್ಲಿಯೂ ಕೇಳಿಬರಲಿಲ್ಲ. ಡ್ಯಾಲಿನ್ ಎಚ್. ಓಕ್ಸ್ ಎಂಬ 93 ವರ್ಷದ ನಿವೃತ್ತ ನ್ಯಾಯಾಧೀಶರೇ ಮುಂದಿನವರು ಎಂಬುದು ಸದಸ್ಯರೆಲ್ಲರಿಗೂ ತಿಳಿದಿತ್ತು. ಅಕ್ಟೋಬರ್ 14ರಂದು ಅಧಿಕೃತ ಘೋಷಣೆ ಹೊರಬಿದ್ದಾಗ ಅದರಲ್ಲಿದ್ದ ಹೊಸ ವಿಷಯವೆಂದರೆ ಅವರು ಆರಿಸಿಕೊಂಡ ಸಲಹೆಗಾರರ ಹೆಸರುಗಳು ಮಾತ್ರ.

ಅದೇ ವರ್ಷದ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡಾಗ ಕಾರ್ಡಿನಲ್‌ಗಳು ಬಾಗಿಲು ಮುಚ್ಚಿಕೊಂಡು ಗುಪ್ತ ಮತದಾನ ನಡೆಸಿದ್ದನ್ನೂ, ಮೇ 8ರಂದು ಹೊಗೆ ಬಿಳಿಯಾಗುವವರೆಗೆ ಜಗತ್ತು ಹೆಸರಿಗಾಗಿ ಕಾದದ್ದನ್ನೂ ನೆನೆದರೆ, ಸಾಲ್ಟ್ ಲೇಕ್ ಸಿಟಿಯ ಈ ನಿಶ್ಚಿಂತೆ ಆಶ್ಚರ್ಯ ಹುಟ್ಟಿಸುತ್ತದೆ. ಮಾರ್ಮನ್ ಪ್ರವಾದಿಯನ್ನು ಅವನ ಹಿಂದಿನವನ ಸಾವಿನ ನಂತರ ಯಾರೂ ಆರಿಸುವುದಿಲ್ಲ. ಆಯ್ಕೆ ನಡೆದು ಆಗಲೇ ಮೂವತ್ತು ನಲವತ್ತು ವರ್ಷಗಳಾಗಿರುತ್ತವೆ. ಈ ವ್ಯವಸ್ಥೆ ಎಂದೋ ಒಂದು ದಿನ ಕುಳಿತು ಬರೆದ ನಿಯಮದಿಂದ ಬಂದದ್ದಲ್ಲ ಎಂಬುದನ್ನು ಇಲ್ಲಿ ವಿವರವಾಗಿ ನೋಡಬೇಕು. ಒಂದೊಂದು ಸಾವೂ ಒಂದೊಂದು ಪ್ರಶ್ನೆಯನ್ನು ಎತ್ತಿತು, ಒಂದೊಂದು ಉತ್ತರವೂ ನಿಯಮಕ್ಕೆ ಒಂದು ಸಾಲನ್ನು ಸೇರಿಸಿತು.

ಮೊದಲು ರಚನೆ. ಚರ್ಚ್‌ನ ಶಿಖರದಲ್ಲಿ ಎರಡು ಮಂಡಳಿಗಳಿವೆ. ಅಧ್ಯಕ್ಷ ಮತ್ತು ಅವರ ಇಬ್ಬರು ಸಲಹೆಗಾರರು ಸೇರಿ ಪ್ರಥಮ ಅಧ್ಯಕ್ಷ ಮಂಡಳಿ. ಅದರ ಕೆಳಗೆ ಹನ್ನೆರಡು ಮಂದಿ ಅಪೊಸ್ತಲರ, ಅಂದರೆ ಯೇಸುವಿನ ಹನ್ನೆರಡು ಶಿಷ್ಯರ ಮಾದರಿಯಲ್ಲಿ ನೇಮಕವಾದ ಧರ್ಮನಾಯಕರ ಮಂಡಳಿ. ಈ ಹದಿನೈದು ಮಂದಿಯೂ ಸಾಮಾನ್ಯವಾಗಿ ಅಪೊಸ್ತಲರೇ, ಹದಿನೈದು ಮಂದಿಯೂ ಪುರುಷರೇ. ಮತ್ತು ಒಮ್ಮೆ ಅಪೊಸ್ತಲನಾದವನು ಸಾಯುವವರೆಗೂ ಅಪೊಸ್ತಲನೇ, ನಿವೃತ್ತಿಯ ವಯಸ್ಸೆಂಬುದಿಲ್ಲ. ಹೊಸ ಅಪೊಸ್ತಲನನ್ನು ಅಧ್ಯಕ್ಷರು ಆರಿಸುತ್ತಾರೆ. ಮಂಡಳಿಗೆ ಸೇರಿದ ಕ್ರಮವೇ ಅವರೊಳಗಿನ ಹಿರಿತನ, ಹುಟ್ಟಿದ ವರ್ಷಕ್ಕೆ ಅಲ್ಲಿ ಬೆಲೆಯಿಲ್ಲ. ಮೇಜಿನ ಸುತ್ತ ಕುಳಿತುಕೊಳ್ಳುವುದೂ, ಅಭಿಪ್ರಾಯ ಹೇಳುವುದೂ ಆ ಕ್ರಮದಲ್ಲೇ.

ಅಧ್ಯಕ್ಷರು ಕೊನೆಯುಸಿರೆಳೆದ ಕ್ಷಣದಲ್ಲೇ ಪ್ರಥಮ ಅಧ್ಯಕ್ಷ ಮಂಡಳಿ ವಿಸರ್ಜನೆಯಾಗುತ್ತದೆ. ಯಾರೂ ಆದೇಶ ಹೊರಡಿಸಬೇಕಾಗಿಲ್ಲ. ಇಬ್ಬರು ಸಲಹೆಗಾರರು ಆ ಹುದ್ದೆಯನ್ನು ಕಳೆದುಕೊಂಡು ಹನ್ನೆರಡರ ಮಂಡಳಿಯಲ್ಲಿ ತಮ್ಮ ಹಿರಿತನದ ಸ್ಥಾನಕ್ಕೆ ಮರಳುತ್ತಾರೆ. ಅಲ್ಲಿಂದ ಹೊಸ ಅಧ್ಯಕ್ಷರ ನೇಮಕವಾಗುವವರೆಗೆ ಚರ್ಚ್‌ನ ಅಧಿಕಾರವೆಲ್ಲ ಆ ಮಂಡಳಿಯದು, ಅದರ ಮುಖ್ಯಸ್ಥರು ಮಂಡಳಿಯಲ್ಲೇ ಹಿರಿಯರಾದ ಅಪೊಸ್ತಲರು. ಇದಕ್ಕೆ ಆಧಾರವಾದ ದೇವಶಾಸ್ತ್ರದ ಕಲ್ಪನೆ ಬೀಗದ ಕೈಗಳದ್ದು. ಚರ್ಚ್ ನಡೆಸಲು ಬೇಕಾದ ಎಲ್ಲ ದೈವಿಕ ಅಧಿಕಾರವನ್ನೂ ಪ್ರತಿಯೊಬ್ಬ ಅಪೊಸ್ತಲನಿಗೂ ದೀಕ್ಷೆಯ ದಿನವೇ ಕೊಡಲಾಗಿರುತ್ತದೆ. ಆದರೆ ಅದನ್ನು ಪೂರ್ಣವಾಗಿ ಚಲಾಯಿಸುವ ಹಕ್ಕು ಭೂಮಿಯ ಮೇಲೆ ಒಂದು ಸಮಯಕ್ಕೆ ಒಬ್ಬರಿಗೆ ಮಾತ್ರ, ಅಂದರೆ ಬದುಕಿರುವ ಅಪೊಸ್ತಲರಲ್ಲಿ ಅತ್ಯಂತ ಹಿರಿಯರಿಗೆ. ಉಳಿದವರಲ್ಲಿ ಅದು ಸುಪ್ತವಾಗಿರುತ್ತದೆ. ಹಾಗಾಗಿ ಅಧ್ಯಕ್ಷರು ತೀರಿಕೊಂಡರೆ ಅಧಿಕಾರ ಎಲ್ಲಿಂದಲೋ ಇಳಿದು ಬರಬೇಕಾಗಿಲ್ಲ, ಯಾರಿಗೋ ಹಸ್ತಾಂತರವಾಗಬೇಕಾಗಿಯೂ ಇಲ್ಲ ಎಂಬುದು ಅವರ ನಿಲುವು.

ಅಂತ್ಯಕ್ರಿಯೆ ಮುಗಿದ ಮೇಲೆ ಅಪೊಸ್ತಲರೆಲ್ಲ ಸಭೆ ಸೇರುತ್ತಾರೆ. ಸಾಲ್ಟ್ ಲೇಕ್ ದೇವಾಲಯದ ಮೇಲಿನ ಅಂತಸ್ತಿನ ಕೋಣೆಯಲ್ಲಿ ಸೇರುವುದು ವಾಡಿಕೆ. ಅವರ ಮುಂದಿರುವ ಮೊದಲ ಪ್ರಶ್ನೆ ಯಾರು ಎಂಬುದಲ್ಲ, ಯಾವಾಗ ಎಂಬುದು. ಪ್ರಥಮ ಅಧ್ಯಕ್ಷ ಮಂಡಳಿಯನ್ನು ಈಗಲೇ ರಚಿಸಬೇಕೆ, ಅಥವಾ ಇನ್ನೂ ಕೆಲ ಕಾಲ ಹನ್ನೆರಡರ ಮಂಡಳಿಯೇ ಚರ್ಚನ್ನು ನಡೆಸಬೇಕೆ? ಪ್ರತಿಯೊಬ್ಬರೂ ಹಿರಿತನದ ಕ್ರಮದಲ್ಲಿ ತಮ್ಮ ಅಭಿಪ್ರಾಯ ಹೇಳುತ್ತಾರೆ. ಈಗಲೇ ಎಂಬ ಒಮ್ಮತ ಬಂದ ಮೇಲೆ ಹಿರಿಯ ಅಪೊಸ್ತಲರನ್ನು ನಡುವೆ ಕೂರಿಸಿ, ಉಳಿದವರೆಲ್ಲ ಸುತ್ತ ನಿಂತು ಅವರ ತಲೆಯ ಮೇಲೆ ಕೈಯಿಟ್ಟು, ಒಬ್ಬರು ದೀಕ್ಷೆಯ ಮಾತುಗಳನ್ನು ಹೇಳುತ್ತಾರೆ. ಆಮೇಲೆ ಹೊಸ ಅಧ್ಯಕ್ಷರು ತಮ್ಮ ಇಬ್ಬರು ಸಲಹೆಗಾರರನ್ನು ಹೆಸರಿಸುತ್ತಾರೆ. ಮುಂದಿನ ಮಹಾಸಮ್ಮೇಳನದಲ್ಲಿ ಸದಸ್ಯರು ಗುಂಪು ಗುಂಪಾಗಿ ಎದ್ದು ನಿಂತು ಬಲಗೈ ಎತ್ತಿ ಸಮ್ಮತಿ ಸೂಚಿಸುತ್ತಾರೆ. 2018ರ ಜನವರಿ 14ರಂದು ಅಧ್ಯಕ್ಷರಾದ ನೆಲ್ಸನ್‌ರಿಗೆ ಆ ಸಮ್ಮತಿ ಸಿಕ್ಕಿದ್ದು ಮಾರ್ಚ್ 31ರಂದು. ಇದು ಚುನಾವಣೆಯಲ್ಲ. ಆಗಿಹೋದದ್ದನ್ನು ಜನ ತಮ್ಮದಾಗಿ ಸ್ವೀಕರಿಸುವ ವಿಧಿ.

ಹಿರಿತನದ ಈ ಕ್ರಮ ನಮ್ಮವರಿಗೆ ತೀರ ಅಪರಿಚಿತವೇನಲ್ಲ. ಸುಪ್ರೀಂ ಕೋರ್ಟಿನಲ್ಲಿ ಅತ್ಯಂತ ಹಿರಿಯರಾದವರೇ ಮುಖ್ಯ ನ್ಯಾಯಮೂರ್ತಿಯಾಗುವುದು ನಮ್ಮ ವಾಡಿಕೆ. ಸಂವಿಧಾನದಲ್ಲಿ ಹಾಗೆಂದು ಬರೆದಿಲ್ಲ, ಆದ್ದರಿಂದಲೇ 1973ರಲ್ಲಿ ಕರ್ನಾಟಕದವರಾದ ಕೆ.ಎಸ್. ಹೆಗ್ಡೆ ಸೇರಿದಂತೆ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗಿಟ್ಟು ಎ.ಎನ್. ರೇ ಅವರನ್ನು ನೇಮಿಸಲು ಸಾಧ್ಯವಾಯಿತು. ಮಾರ್ಮನ್ ಧರ್ಮಗ್ರಂಥಗಳಲ್ಲಿಯೂ ಹಿರಿಯ ಅಪೊಸ್ತಲನೇ ಅಧ್ಯಕ್ಷನಾಗಬೇಕೆಂಬ ಸ್ಪಷ್ಟ ವಾಕ್ಯವಿಲ್ಲ. ಅವರದ್ದೂ ವಾಡಿಕೆಯೇ. ಆದರೆ ಎರಡನೇ ಅಧ್ಯಕ್ಷ ಬ್ರಿಗಮ್ ಯಂಗ್‌ರಿಂದ ಇಲ್ಲಿಯವರೆಗೆ ಹನ್ನೆರಡರ ಮಂಡಳಿಯ ಹಿರಿಯರನ್ನು ದಾಟಿ ಬೇರೊಬ್ಬರು ಅಧ್ಯಕ್ಷರಾದದ್ದಿಲ್ಲ. ವಾಡಿಕೆ ಇಷ್ಟು ಗಟ್ಟಿಯಾದದ್ದು ಏಕೆಂದು ತಿಳಿಯಬೇಕಾದರೆ, ಅದು ಇಲ್ಲದಿದ್ದ ದಿನ ಏನಾಯಿತೆಂದು ನೋಡಬೇಕು.

1844ರ ಜೂನ್ 27ರಂದು ಇಲಿನಾಯ್ ರಾಜ್ಯದ ಕಾರ್ತೇಜ್ ಎಂಬ ಊರಿನ ಸೆರೆಮನೆಗೆ ಮುಖಕ್ಕೆ ಬಣ್ಣ ಬಳಿದುಕೊಂಡ ಗುಂಪೊಂದು ನುಗ್ಗಿತು. 1830ರಲ್ಲಿ ಚರ್ಚನ್ನು ಸ್ಥಾಪಿಸಿದ ಜೋಸೆಫ್ ಸ್ಮಿತ್‌ನನ್ನೂ ಅವನ ಅಣ್ಣ ಹೈರಮ್‌ನನ್ನೂ ಕೊಂದಿತು. ಸ್ಥಾಪಕನಿಗೆ 38 ವರ್ಷ. ಆತ ಬದುಕಿದ್ದಾಗ ತನ್ನ ನಂತರ ಯಾರೆಂದು ಬೇರೆ ಬೇರೆ ಸಂದರ್ಭಗಳಲ್ಲಿ ಬೇರೆ ಬೇರೆ ಸೂಚನೆ ಕೊಟ್ಟಿದ್ದ. ಎಲ್ಲರೂ ಒಪ್ಪುವ ಒಂದು ಲಿಖಿತ ಕ್ರಮ ಮಾತ್ರ ಇರಲಿಲ್ಲ. ಸಹಜ ಉತ್ತರಾಧಿಕಾರಿ ಎನ್ನಬಹುದಾಗಿದ್ದ ಹೈರಮ್ ಅವನ ಜೊತೆಯಲ್ಲೇ ಸತ್ತಿದ್ದ. ಇನ್ನೊಬ್ಬ ಸಹೋದರ ಸ್ಯಾಮ್ಯುಯೆಲ್ ಜುಲೈ ಕೊನೆಯಲ್ಲಿ ಕಾಯಿಲೆಯಿಂದ ತೀರಿಕೊಂಡ. ಮಗ ಮೂರನೇ ಜೋಸೆಫ್‌ಗೆ ಆಗ ಹನ್ನೊಂದು ವರ್ಷ. ಅಪೊಸ್ತಲರಲ್ಲಿ ಬಹುತೇಕರು ಧರ್ಮಪ್ರಚಾರಕ್ಕೆಂದು ಪೂರ್ವದ ರಾಜ್ಯಗಳಲ್ಲಿದ್ದರು. ಸೆರೆಮನೆಯ ಕೋಣೆಯಲ್ಲಿ ಸ್ಮಿತ್ ಸಹೋದರರ ಜೊತೆಗಿದ್ದ ಇಬ್ಬರು ಅಪೊಸ್ತಲರಲ್ಲಿ ಜಾನ್ ಟೇಲರ್ ಗುಂಡೇಟು ತಿಂದು ಮಲಗಿದ್ದರು, ವಿಲರ್ಡ್ ರಿಚರ್ಡ್ಸ್ ಹೇಗೋ ಪಾರಾಗಿದ್ದರು.

ಮೊದಲು ಮುಂದೆ ಬಂದವನು ಸಿಡ್ನಿ ರಿಗ್ಡನ್. ಪ್ರಥಮ ಅಧ್ಯಕ್ಷ ಮಂಡಳಿಯಲ್ಲಿ ಬದುಕುಳಿದಿದ್ದ ಸಲಹೆಗಾರ ತಾನೇ ಆದ್ದರಿಂದ ಚರ್ಚ್‌ನ ಪಾಲಕನಾಗಿರಬೇಕಾದವನೂ ತಾನೇ ಎಂಬುದು ಅವನ ವಾದ. ಆಗಸ್ಟ್ 8ರ ಬೆಳಿಗ್ಗೆ, ಮಾರ್ಮನರು ಆಗ ನೆಲೆಸಿದ್ದ ಇಲಿನಾಯ್‌ನ ನಾವೂ (Nauvoo) ಎಂಬ ನಗರದ ದೇವಾಲಯದ ಬಳಿಯ ತೋಪಿನಲ್ಲಿ ಸಾವಿರಾರು ಜನ ಸೇರಿದರು. ವೇದಿಕೆಯ ಕಡೆಗೆ ಗಾಳಿ ಬೀಸುತ್ತಿದ್ದುದರಿಂದ ಮಾತು ಕೇಳಿಸಲೆಂದು ರಿಗ್ಡನ್ ಎದುರು ಬದಿಯಲ್ಲಿ ಒಂದು ಬಂಡಿಯ ಮೇಲೆ ನಿಂತು ಸುಮಾರು ಒಂದೂವರೆ ಗಂಟೆ ಮಾತಾಡಿದ. ಎರಡೇ ದಿನದ ಹಿಂದೆ ಊರಿಗೆ ಮರಳಿದ್ದ, ಹನ್ನೆರಡರ ಮಂಡಳಿಯ ಮುಖ್ಯಸ್ಥ ಬ್ರಿಗಮ್ ಯಂಗ್ ಮಧ್ಯಾಹ್ನದ ಸಭೆಯಲ್ಲಿ ಉತ್ತರ ಕೊಟ್ಟ. ಅವನ ಜಾಣತನ ಇಲ್ಲಿದೆ: ತನ್ನನ್ನು ಅಧ್ಯಕ್ಷನನ್ನಾಗಿ ಮಾಡಿ ಎಂದು ಅವನು ಕೇಳಲಿಲ್ಲ. ಬೀಗದ ಕೈಗಳು ಹನ್ನೆರಡು ಮಂದಿಯ ಬಳಿ ಇವೆ, ಅವರನ್ನು ಒಟ್ಟಾಗಿ ಒಪ್ಪಿಕೊಳ್ಳಿ ಎಂದ. ಅಂದು ಯಂಗ್‌ನ ದನಿ, ಮುಖಚರ್ಯೆ ಎಲ್ಲ ಸ್ಮಿತ್‌ನದ್ದೇ ಆಗಿ ಕಂಡವೆಂದು ಅನೇಕರು ನಂತರದ ವರ್ಷಗಳಲ್ಲಿ ಬರೆದಿಟ್ಟರು. ಆ ದಿನಗಳಲ್ಲೇ ಬರೆದ ದಿನಚರಿಗಳಲ್ಲಿ ಅದರ ಸ್ಪಷ್ಟ ಉಲ್ಲೇಖ ಕಾಣದಿರುವುದನ್ನು ಇತಿಹಾಸಕಾರರು ಎತ್ತಿ ತೋರಿಸುತ್ತಾರೆ. ಜನ ಕೈಯೆತ್ತಿ ಹನ್ನೆರಡರ ಮಂಡಳಿಯನ್ನು ಒಪ್ಪಿದರು. ಮುಂದಿನ ತಿಂಗಳು ರಿಗ್ಡನ್‌ನನ್ನು ಬಹಿಷ್ಕರಿಸಲಾಯಿತು.

ಆ ವಾದ ಅಂದು ನಾವು ಈಗ ಭಾವಿಸುವಷ್ಟು ಸಲೀಸಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1835ರಲ್ಲಿ ಹನ್ನೆರಡರ ಮಂಡಳಿಯನ್ನು ರಚಿಸಿದಾಗ ಅದು ಊರೂರು ಸುತ್ತುವ ಪ್ರಚಾರಕರ ಮಂಡಳಿಯಾಗಿತ್ತು. ನೆಲೆಯೂರಿದ ಸಭೆಗಳ ಆಡಳಿತ ಅದರ ಕೆಲಸವಾಗಿರಲಿಲ್ಲ. ಆದರೆ ದೈವವಾಣಿಯೆಂದು ಅನುಯಾಯಿಗಳು ನಂಬುವ ಅದೇ ವರ್ಷದ ಪ್ರಕಟಣೆಯೊಂದರಲ್ಲಿ ಈ ಮಂಡಳಿ ಅಧಿಕಾರದಲ್ಲಿ ಪ್ರಥಮ ಅಧ್ಯಕ್ಷ ಮಂಡಳಿಗೆ ಸಮಾನವೆಂಬ ಮಾತಿತ್ತು. ಯಂಗ್ ಹಿಡಿದದ್ದು ಆ ಮಾತನ್ನು. ಇಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಅಧ್ಯಕ್ಷರೊಬ್ಬರು ತೀರಿಕೊಂಡ ಕೂಡಲೇ ಅಧಿಕಾರ ಹನ್ನೆರಡರ ಮಂಡಳಿಗೆ ಸೇರುತ್ತದೆಂಬ ತತ್ತ್ವದ ಬೇರು ಅಲ್ಲಿದೆ.

ಎಲ್ಲರೂ ಅದನ್ನು ಒಪ್ಪಲಿಲ್ಲ. ಜೇಮ್ಸ್ ಸ್ಟ್ರ್ಯಾಂಗ್ ಎಂಬ ಹೊಸ ಸದಸ್ಯ ಸ್ಮಿತ್‌ನೇ ತನ್ನನ್ನು ನೇಮಿಸಿ ಕಳಿಸಿದ್ದನೆಂದು ಒಂದು ಪತ್ರ ತೋರಿಸಿ ಸಾವಿರಾರು ಮಂದಿಯನ್ನು ಸೆಳೆದ. 1850ರಲ್ಲಿ ಮಿಷಿಗನ್ ಸರೋವರದ ಬೀವರ್ ದ್ವೀಪದಲ್ಲಿ ಕಿರೀಟ ಧರಿಸಿ ರಾಜನೆನಿಸಿಕೊಂಡು, 1856ರಲ್ಲಿ ಕೊಲೆಯಾದ. ಪ್ರವಾದಿಯ ರಕ್ತಕ್ಕೇ ಉತ್ತರಾಧಿಕಾರ ಸಲ್ಲಬೇಕೆಂದು ನಂಬಿದವರು 1860ರಲ್ಲಿ ಮೂರನೇ ಜೋಸೆಫ್‌ನನ್ನು ಅಧ್ಯಕ್ಷನನ್ನಾಗಿ ಮಾಡಿಕೊಂಡರು. ಆ ಶಾಖೆಯೇ ಇಂದಿನ ಕಮ್ಯೂನಿಟಿ ಆಫ್ ಕ್ರೈಸ್ಟ್. 1996ರವರೆಗೆ ಸ್ಮಿತ್ ವಂಶಸ್ಥರೇ ಅದನ್ನು ನಡೆಸಿದರು. ಅಲ್ಲಿ ಅಧ್ಯಕ್ಷರು ನಿವೃತ್ತರಾಗಬಹುದು, 2025ರಲ್ಲಿ ಸ್ಟಾಸಿ ಕ್ರಾಮ್ ಎಂಬ ಮಹಿಳೆ ಅದರ ಮುಖ್ಯಸ್ಥೆಯೂ ಆದರು. ಒಂದೇ ಸಾವು, ಒಂದೇ ಪ್ರಶ್ನೆ. ಎರಡು ಚರ್ಚ್‌ಗಳು ಎರಡು ದಾರಿ ಹಿಡಿದು ಇಷ್ಟು ದೂರ ಸಾಗಿವೆ.

ಯಂಗ್ ಬಹುಸಂಖ್ಯಾತರನ್ನು ಕರೆದುಕೊಂಡು ಪಶ್ಚಿಮಕ್ಕೆ ಹೊರಟು 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆ ತಲುಪಿದ. ಅಲ್ಲಿಯವರೆಗೂ ಅವನು ಅಧ್ಯಕ್ಷನಾಗಿರಲಿಲ್ಲ. ಪ್ರಥಮ ಅಧ್ಯಕ್ಷ ಮಂಡಳಿಯನ್ನು ಮತ್ತೆ ರಚಿಸಬೇಕೇ ಬೇಡವೇ ಎಂಬ ಬಗ್ಗೆ ಅಪೊಸ್ತಲರಲ್ಲೇ ಭಿನ್ನಾಭಿಪ್ರಾಯವಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಅದು ಬಗೆಹರಿದಾಗ ಸ್ಮಿತ್ ಸತ್ತು ಮೂರೂವರೆ ವರ್ಷ ಕಳೆದಿತ್ತು. ಯಂಗ್ 1877ರಲ್ಲಿ ತೀರಿಕೊಂಡ ಮೇಲೆ ಜಾನ್ ಟೇಲರ್ ಅಧ್ಯಕ್ಷರಾದದ್ದು ಮೂರು ವರ್ಷ ಬಿಟ್ಟು. ಚರ್ಚ್‌ನಲ್ಲಿ ಆಗ ರೂಢಿಯಲ್ಲಿದ್ದ ಬಹುಪತ್ನಿತ್ವದ ವಿರುದ್ಧ ಸರ್ಕಾರದ ಕಾರ್ಯಾಚರಣೆ ಬಿರುಸಾಗಿದ್ದಾಗ ತಲೆಮರೆಸಿಕೊಂಡಿದ್ದ ಟೇಲರ್ 1887ರ ಜುಲೈನಲ್ಲಿ ಅಡಗುದಾಣದಲ್ಲೇ ತೀರಿಕೊಂಡರು. ಅವರ ಸಲಹೆಗಾರರಾಗಿದ್ದ ಜಾರ್ಜ್ ಕ್ಯೂ. ಕ್ಯಾನನ್ ಬಗ್ಗೆ ಕೆಲವು ಕಿರಿಯ ಅಪೊಸ್ತಲರಿಗಿದ್ದ ಅಸಮಾಧಾನದಿಂದ ಒಮ್ಮತ ಬರದೆ, ವಿಲ್ಫರ್ಡ್ ವುಡ್ರಫ್ ಅಧ್ಯಕ್ಷರಾಗಲು 1889ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಈ ಕಾಯುವಿಕೆಯ ತೊಂದರೆಯನ್ನು ಚೆನ್ನಾಗಿ ಅನುಭವಿಸಿದ್ದ ವುಡ್ರಫ್, ತನ್ನ ನಂತರದ ಹಿರಿಯರಾದ ಲೊರೆಂಜೊ ಸ್ನೋಗೆ ಮುಂದೆ ಹೀಗೆ ತಡಮಾಡಬಾರದೆಂದು ಹೇಳಿಟ್ಟರು. 1898ರ ಸೆಪ್ಟೆಂಬರ್ 2ರಂದು ವುಡ್ರಫ್ ತೀರಿಕೊಂಡರು. ಸೆಪ್ಟೆಂಬರ್ 13ಕ್ಕೆ ಸ್ನೋ ಅಧ್ಯಕ್ಷರು. ಚರ್ಚ್ ಆಗ ಸಾಲದಲ್ಲಿ ಮುಳುಗಿತ್ತು, ಆಸ್ತಿಪಾಸ್ತಿಯ ಕಾಗದಪತ್ರಗಳಿಗೆ ಸಹಿ ಹಾಕಲು ಒಬ್ಬರು ಬೇಕಿತ್ತು ಎಂಬ ಲೌಕಿಕ ಕಾರಣವೂ ಅದರ ಹಿಂದಿದೆ. ಅಂದಿನಿಂದ ಹೊಸ ಅಧ್ಯಕ್ಷರ ನೇಮಕ ಸಾಮಾನ್ಯವಾಗಿ ಎರಡು ವಾರದೊಳಗೆ ಮುಗಿಯುತ್ತದೆ. 2025ರಲ್ಲಿ ಹದಿನೇಳು ದಿನ ಹಿಡಿದದ್ದು ಈಚಿನ ರೂಢಿಗೆ ಹೋಲಿಸಿದರೆ ತುಸು ದೀರ್ಘವೇ. ನಡುವೆ ಮಹಾಸಮ್ಮೇಳನವೂ ಅಕ್ಟೋಬರ್ 7ರ ಅಂತ್ಯಕ್ರಿಯೆಯೂ ಇದ್ದವು.

ಹಿರಿಯನೇ ಅಧ್ಯಕ್ಷನೆಂದು ಒಪ್ಪಿದರೂ, ಹಿರಿಯ ಯಾರು ಎಂಬುದು ಬೇರೆಯೇ ಪ್ರಶ್ನೆ. ಆ ಪಟ್ಟಿಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ತಿದ್ದಲಾಯಿತು. ಈ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಘಟ್ಟ ಇದು. 1861ರಲ್ಲಿ ವಯಸ್ಸಿನ ಬದಲು ದೀಕ್ಷೆಯ ಕ್ರಮವನ್ನು ಲೆಕ್ಕಕ್ಕೆ ಹಿಡಿದು ಟೇಲರ್‌ರನ್ನು ವುಡ್ರಫ್‌ಗಿಂತ ಮೇಲಕ್ಕೆ ತರಲಾಯಿತು. 1875ರಲ್ಲಿ ಇನ್ನೂ ದೊಡ್ಡ ಬದಲಾವಣೆಯಾಯಿತು. ಮಂಡಳಿಯ ಮುಖ್ಯಸ್ಥನಾಗಿ ದಶಕಗಳಿಂದ ಇದ್ದವನು ಆರ್ಸನ್ ಹೈಡ್. ಆದರೆ ಅವನು 1838ರಲ್ಲಿ, ಮಿಸೌರಿಯ ಕಷ್ಟದ ದಿನಗಳಲ್ಲಿ, ಚರ್ಚ್‌ನ ವಿರುದ್ಧದ ಪ್ರಮಾಣಪತ್ರಕ್ಕೆ ಸಹಿ ಹಾಕಿ ದೂರವಾಗಿ, ಮರುವರ್ಷ ಪಶ್ಚಾತ್ತಾಪಪಟ್ಟು ಮರಳಿದ್ದ. ಆರ್ಸನ್ ಪ್ರ್ಯಾಟ್ ಕೂಡ 1842ರಲ್ಲಿ ಬಹುಪತ್ನಿತ್ವದ ಸುತ್ತಲಿನ ಜಗಳದಲ್ಲಿ ಬಹಿಷ್ಕಾರಕ್ಕೊಳಗಾಗಿ ಕೆಲವೇ ತಿಂಗಳಲ್ಲಿ ಹಿಂದಿರುಗಿದ್ದ. ಮೂವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಯಂಗ್ ಆ ಲೆಕ್ಕ ತೆಗೆದ. ಹಿರಿತನಕ್ಕೆ ಸೇವೆ ಮುರಿಯದೆ ನಡೆದಿರಬೇಕು, ಮರಳಿ ಬಂದ ದಿನದಿಂದಲೇ ಅವರ ಎಣಿಕೆ ಆರಂಭ ಎಂದು ಇಬ್ಬರನ್ನೂ ಕೆಳಕ್ಕಿಳಿಸಿದ. ಎರಡು ವರ್ಷದಲ್ಲಿ ಯಂಗ್ ತೀರಿಕೊಂಡಾಗ ಹೈಡ್ ಬದುಕಿದ್ದ, ಪ್ರ್ಯಾಟ್ ಕೂಡ ಬದುಕಿದ್ದ. ಆದರೆ ಮಂಡಳಿಯ ಮೊದಲ ಸ್ಥಾನದಲ್ಲಿದ್ದವರು ಟೇಲರ್.

ಕೊನೆಯ ತಿದ್ದುಪಡಿ 1900ರ ಏಪ್ರಿಲ್‌ನದು. ಯಂಗ್ ತನ್ನ ಮಕ್ಕಳಲ್ಲಿ ಮೂವರಿಗೆ ಹನ್ನೆರಡರ ಮಂಡಳಿಯಲ್ಲಿ ಸ್ಥಾನ ತೆರವಿಲ್ಲದಿದ್ದಾಗಲೂ ಅಪೊಸ್ತಲ ದೀಕ್ಷೆ ಕೊಟ್ಟಿದ್ದ. ಅವರಲ್ಲಿ ಜಾನ್ ವಿಲರ್ಡ್‌ಗೆ ದೀಕ್ಷೆಯಾದಾಗ ಅವನಿನ್ನೂ ಹನ್ನೊಂದರ ಹುಡುಗ. ಇನ್ನೊಬ್ಬ ಮಗ ಕಿರಿಯ ಬ್ರಿಗಮ್ ಯಂಗ್‌ಗೆ 1864ರಲ್ಲಿ ದೀಕ್ಷೆಯಾಗಿ, ಮಂಡಳಿಯೊಳಗೆ ಸ್ಥಾನ ಸಿಕ್ಕಿದ್ದು 1868ರಲ್ಲಿ. ಹೈರಮ್ ಸ್ಮಿತ್‌ನ ಮಗ ಜೋಸೆಫ್ ಎಫ್. ಸ್ಮಿತ್‌ಗೆ ದೀಕ್ಷೆ 1866ರಲ್ಲಿ, ಸ್ಥಾನ 1867ರಲ್ಲಿ. ಇವರಲ್ಲಿ ಹಿರಿಯರು ಯಾರು? ದೀಕ್ಷೆಯನ್ನು ಎಣಿಸಿದರೆ ಯಂಗ್‌ನ ಮಗ, ಮಂಡಳಿಯ ಪ್ರವೇಶವನ್ನು ಎಣಿಸಿದರೆ ಸ್ಮಿತ್. ಅಧ್ಯಕ್ಷ ಸ್ನೋ ಮತ್ತು ಅಪೊಸ್ತಲರು ಪ್ರವೇಶವೇ ಲೆಕ್ಕಕ್ಕೆ ಬರುವುದೆಂದು ತೀರ್ಮಾನಿಸಿದರು. ಮರುವರ್ಷ ಸ್ನೋ ತೀರಿಕೊಂಡರು, ಜೋಸೆಫ್ ಎಫ್. ಸ್ಮಿತ್ ಅಧ್ಯಕ್ಷರಾಗಿ 1918ರವರೆಗೆ ಮುಂದುವರಿದರು. ತಂದೆ ತನ್ನ ಮಗನಿಗೆ ಮನೆಯೊಳಗೆ ಕೊಟ್ಟ ದೀಕ್ಷೆಯಿಂದ ಪ್ರವಾದಿಯ ಪಟ್ಟ ಬರುವ ಸಾಧ್ಯತೆಗೆ ಅಲ್ಲಿಗೆ ತೆರೆ ಬಿತ್ತು.

ಅಲ್ಲಿಂದೀಚೆಗೆ ಪಟ್ಟಿಯನ್ನು ಮುಟ್ಟುವ ಪ್ರಸಂಗ ಬಂದಿಲ್ಲ. ಬಂದಿಲ್ಲವೆಂದ ಮಾತ್ರಕ್ಕೆ ಅದು ಬರೀ ಕಾಲಗಣನೆಯಲ್ಲ. 1943ರ ಅಕ್ಟೋಬರ್ 7ರಂದು ಒಂದೇ ದಿನ ಇಬ್ಬರು ಹೊಸ ಅಪೊಸ್ತಲರಿಗೆ ದೀಕ್ಷೆಯಾಯಿತು. ಮೊದಲು ಸ್ಪೆನ್ಸರ್ ಡಬ್ಲ್ಯು. ಕಿಂಬಲ್, ಅವರ ಹಿಂದೆಯೇ ಎಜ್ರಾ ಟಾಫ್ಟ್ ಬೆನ್ಸನ್. ಬೆನ್ಸನ್ ಮುಂದೆ ಐಸೆನ್‌ಹೋವರ್ ಸರ್ಕಾರದಲ್ಲಿ ಕೃಷಿ ಸಚಿವರಾದವರು, ಕಟ್ಟಾ ಸಂಪ್ರದಾಯವಾದಿ ರಾಜಕೀಯಕ್ಕೆ ಹೆಸರಾದವರು. 1978ರ ಜೂನ್‌ನಲ್ಲಿ, ಕಪ್ಪು ಜನಾಂಗದ ಪುರುಷರಿಗೆ ಯಾಜಕತ್ವವನ್ನು, ಅಂದರೆ ಧಾರ್ಮಿಕ ವಿಧಿ ನಡೆಸುವ ಅಧಿಕಾರವನ್ನು, ನಿರಾಕರಿಸುತ್ತಿದ್ದ ಹಳೆಯ ನಿಷೇಧವನ್ನು ತೆಗೆದುಹಾಕಿದ ಘೋಷಣೆ ಬಂದದ್ದು ಅಧ್ಯಕ್ಷ ಕಿಂಬಲ್‌ರಿಂದ. ಕಿಂಬಲ್ 1985ರಲ್ಲಿ ತೀರಿಕೊಂಡರು, ಬೆನ್ಸನ್ 1994ರವರೆಗೆ ಬದುಕಿದ್ದರು. ಅಂದರೆ ಅಂದು ದೀಕ್ಷೆಯ ಕ್ರಮ ಅದಲುಬದಲಾಗಿದ್ದರೆ ಕಿಂಬಲ್ ಅಧ್ಯಕ್ಷರಾಗುವ ಪ್ರಶ್ನೆಯೇ ಬರುತ್ತಿರಲಿಲ್ಲ. ಕೆಲವೇ ಕ್ಷಣಗಳ ಹಿಂದುಮುಂದಿನ ಮೇಲೆ ಎಷ್ಟೊಂದು ಜನರ ಬಾಳು ನಿಂತಿತ್ತೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಕಿಂಬಲ್ ಅಧ್ಯಕ್ಷರಾಗುತ್ತಾರೆಂದು ವೈದ್ಯರೂ ನಂಬುವ ಸ್ಥಿತಿ ಇರಲಿಲ್ಲ. ಗಂಟಲಿನ ಕ್ಯಾನ್ಸರ್‌ನಿಂದ ಅವರ ದನಿ ಆಗಲೇ ಒಡೆದಿತ್ತು, 1972ರ ಹೊತ್ತಿಗೆ ಹೃದಯವೂ ಸೋತಿತ್ತು. ತನಗೆ ವಯಸ್ಸಾಗಿದೆ, ಹೋಗಲು ಸಿದ್ಧನಿದ್ದೇನೆ ಎಂದು ಅವರು ಹೇಳಿದಾಗ ಸಭೆಯಲ್ಲಿದ್ದ, ಆಗಿನ ಅಧ್ಯಕ್ಷರ ಸಲಹೆಗಾರ ಹೆರಾಲ್ಡ್ ಬಿ. ಲೀ ಮೇಜು ಗುದ್ದಿ, ಬದುಕಲು ಬೇಕಾದದ್ದನ್ನೆಲ್ಲ ಮಾಡಲೇಬೇಕೆಂದರೆಂದು ಅಲ್ಲಿದ್ದ ಶಸ್ತ್ರಚಿಕಿತ್ಸಕರು ಆಮೇಲೆ ನೆನಪಿಸಿಕೊಂಡಿದ್ದಾರೆ. ಏಪ್ರಿಲ್‌ನಲ್ಲಿ ಕವಾಟ ಬದಲಿಸಿ, ಬೈಪಾಸ್ ಮಾಡಿದ ಆ ಶಸ್ತ್ರಚಿಕಿತ್ಸಕರು 47 ವರ್ಷದ ರಸೆಲ್ ನೆಲ್ಸನ್. ಅದೇ ಜುಲೈನಲ್ಲಿ ಲೀ ಅಧ್ಯಕ್ಷರಾದರು. ಕಿಂಬಲ್‌ಗಿಂತ ನಾಲ್ಕು ವರ್ಷ ಚಿಕ್ಕವರು, ಆರೋಗ್ಯವಂತರು. ದೀರ್ಘಕಾಲ ಇರುತ್ತಾರೆಂದು ಎಲ್ಲರೂ ಎಣಿಸಿದ್ದರು. 1973ರ ಡಿಸೆಂಬರ್ 26ರಂದು ಅವರು ಹಠಾತ್ತಾಗಿ ತೀರಿಕೊಂಡರು. ನಾಲ್ಕು ದಿನದ ಮೇಲೆ ಕಿಂಬಲ್ ಅಧ್ಯಕ್ಷರಾದರು.

ನೆಲ್ಸನ್ ಮತ್ತು ಓಕ್ಸ್‌ರ ನಡುವಿನ ಕ್ರಮವೂ ಇಂತಹುದೇ. 1984ರ ಏಪ್ರಿಲ್ 7ರ ಸಮ್ಮೇಳನದಲ್ಲಿ ಇಬ್ಬರ ಹೆಸರನ್ನೂ ಒಟ್ಟಿಗೆ ಓದಿ ಸಮ್ಮತಿ ಪಡೆಯಲಾಯಿತು. ಮೊದಲು ಓದಿದ್ದು ನೆಲ್ಸನ್‌ರ ಹೆಸರು. ಅವರಿಗೆ ಏಪ್ರಿಲ್ 12ರಂದು ದೀಕ್ಷೆಯಾಯಿತು. ಯೂಟಾ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಓಕ್ಸ್ ಆ ಕೆಲಸ ಮುಗಿಸಿ ಬರಬೇಕಿದ್ದರಿಂದ ಅವರ ದೀಕ್ಷೆ ಮೇ 3ರಂದು. ಆ ಅಂತರ 34 ವರ್ಷಗಳ ನಂತರ ಒಬ್ಬರನ್ನು ಅಧ್ಯಕ್ಷರನ್ನಾಗಿಯೂ ಇನ್ನೊಬ್ಬರನ್ನು ಅವರ ಸಲಹೆಗಾರರನ್ನಾಗಿಯೂ ನಿಲ್ಲಿಸಿತು. ಓಕ್ಸ್ ಹನ್ನೆರಡರ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಅವರು ಸಲಹೆಗಾರರ ಕೆಲಸದಲ್ಲಿದ್ದುದರಿಂದ ಮಂಡಳಿಯ ದಿನನಿತ್ಯದ ಕಾರ್ಯಭಾರವನ್ನು ಅವರ ನಂತರದ ಹಿರಿಯರು ಹಂಗಾಮಿಯಾಗಿ ನೋಡಿಕೊಂಡರು. ಸಲಹೆಗಾರರಾದ ಮಾತ್ರಕ್ಕೆ ಸರದಿ ತಪ್ಪುವುದಿಲ್ಲ, ಸರದಿ ಮುಂದಕ್ಕೂ ಬರುವುದಿಲ್ಲ.

ಈ ವ್ಯವಸ್ಥೆಯ ಬಲ ಕಣ್ಣಿಗೆ ಕಾಣುವಂಥದ್ದು. ಹುದ್ದೆಗಾಗಿ ಯಾರೂ ಬಣ ಕಟ್ಟುವಂತಿಲ್ಲ, ಕಟ್ಟಿದರೂ ಪ್ರಯೋಜನವಿಲ್ಲ. ಅಧ್ಯಕ್ಷರಾಗುವವರು ಹತ್ತಾರು ವರ್ಷ ಅದೇ ಮೇಜಿನ ಸುತ್ತ ಕುಳಿತು ಕೆಲಸ ಕಲಿತಿರುತ್ತಾರೆ. ಅದರ ಬೆಲೆ ವೃದ್ಧಾಪ್ಯ. ಬೆಲೆ ದೊಡ್ಡದೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಡೇವಿಡ್ ಒ. ಮೆಕೇ 1970ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಜಾಗಕ್ಕೆ ಬಂದ ಜೋಸೆಫ್ ಫೀಲ್ಡಿಂಗ್ ಸ್ಮಿತ್‌ಗೆ 93 ವರ್ಷ. 1981ರ ನಂತರ ಕಿಂಬಲ್ ಹಾಸಿಗೆ ಹಿಡಿದಾಗ ಇಬ್ಬರು ಸಲಹೆಗಾರರೂ ಅಶಕ್ತರಾಗಿದ್ದರು, ಗಾರ್ಡನ್ ಬಿ. ಹಿಂಕ್ಲಿಯವರನ್ನು ಮೂರನೆಯ ಸಲಹೆಗಾರರನ್ನಾಗಿ ಸೇರಿಸಿಕೊಂಡು ಹೆಚ್ಚುಕಡಿಮೆ ಅವರೊಬ್ಬರೇ ಕೆಲಸ ನಡೆಸಬೇಕಾಯಿತು. ಬೆನ್ಸನ್ ಕೊನೆಯ ವರ್ಷಗಳಲ್ಲಿ ಸಾರ್ವಜನಿಕವಾಗಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. 2017ರಲ್ಲಿ ಥಾಮಸ್ ಎಸ್. ಮಾನ್ಸನ್ ನಿತ್ಯದ ಸಭೆಗಳಿಂದ ದೂರ ಉಳಿದರು. ಹೋವರ್ಡ್ ಡಬ್ಲ್ಯು. ಹಂಟರ್ ಅಧ್ಯಕ್ಷರಾಗಿದ್ದದ್ದು ಒಂಬತ್ತೇ ತಿಂಗಳು. ಎರಡನೇ ಹಂತದ ಅಧಿಕಾರಿಗಳಿಗೆ ಈ ಚರ್ಚ್ ವಯಸ್ಸಾದಾಗ ಗೌರವ ನಿವೃತ್ತಿ ಕೊಡುತ್ತದೆ. ಅಪೊಸ್ತಲರಿಗೆ ಮಾತ್ರ ಆ ದಾರಿಯನ್ನು ತೆರೆದಿಲ್ಲ, ತೆರೆದರೆ ಉತ್ತರಾಧಿಕಾರದ ಇಡೀ ಲೆಕ್ಕಾಚಾರ ಮನುಷ್ಯರ ನಿರ್ಧಾರಕ್ಕೆ ಬಂದು ನಿಲ್ಲುತ್ತದೆ.

ಹೊಸ ಅಧ್ಯಕ್ಷರಿಗೆ ಪೂರ್ಣ ಸ್ವಾತಂತ್ರ್ಯವಿರುವ ಮೊದಲ ವಿಷಯ ಸಲಹೆಗಾರರ ಆಯ್ಕೆ. 2018ರಲ್ಲಿ ನೆಲ್ಸನ್ ಹಿಂದಿನ ಸಲಹೆಗಾರ ಡೀಟರ್ ಉಖ್ಟ್‌ಡಾರ್ಫ್‌ರನ್ನು ಮುಂದುವರಿಸದೆ ಓಕ್ಸ್‌ರನ್ನು ತಂದರು. 2025ರಲ್ಲಿ ಓಕ್ಸ್ ಆರಿಸಿಕೊಂಡದ್ದು ಹೆನ್ರಿ ಬಿ. ಐರಿಂಗ್ ಮತ್ತು ಡಿ. ಟಾಡ್ ಕ್ರಿಸ್ಟಾಫರ್‌ಸನ್‌ರನ್ನು. ಅಲ್ಲಿಂದಾಚೆಗೆ ಅಧ್ಯಕ್ಷರ ಒಲವು ದೂರದೂರದವರೆಗೂ ಮುಟ್ಟುತ್ತದೆ, ಬೆಂಗಳೂರಿನವರೆಗೂ. ಸಮ್ಮತಿ ಸಿಕ್ಕ ಮರುದಿನವೇ, 2018ರ ಏಪ್ರಿಲ್ 1ರಂದು, ನೆಲ್ಸನ್ ಘೋಷಿಸಿದ ದೇವಾಲಯಗಳಲ್ಲಿ ಬೆಂಗಳೂರಿನದೂ ಒಂದು. ಅದು ಭಾರತಕ್ಕೆ ಮೊದಲನೆಯದು. ಈ ಪಂಥದಲ್ಲಿ ದೇವಾಲಯವೆಂದರೆ ಭಾನುವಾರದ ಪ್ರಾರ್ಥನಾ ಮಂದಿರವಲ್ಲ. ದಂಪತಿಯನ್ನು ಸಾವಿನಾಚೆಗೂ ಬೆಸೆಯುತ್ತದೆಂದು ನಂಬುವ ವಿವಾಹವಿಧಿ ಅಲ್ಲಿ ಮಾತ್ರ ನಡೆಯುತ್ತದೆ. ಹಾಗಾಗಿ ಇಲ್ಲಿನ ಸದಸ್ಯರು ಅದಕ್ಕಾಗಿ ವಿದೇಶಕ್ಕೆ ಹೋಗಬೇಕಾಗಿತ್ತು. ಅದೇ ತಿಂಗಳು ನೆಲ್ಸನ್ ಬೆಂಗಳೂರಿಗೆ ಬಂದು ಅವರನ್ನು ಕಂಡರು. 2020ರ ಡಿಸೆಂಬರ್‌ನಲ್ಲಿ ಕಾಮಗಾರಿಗೆ ಚಾಲನೆ ಸಿಕ್ಕಿತು. ತಮ್ಮ ಏಳೂವರೆ ವರ್ಷದ ಅವಧಿಯಲ್ಲಿ ನೆಲ್ಸನ್ ಒಟ್ಟು 200 ಹೊಸ ದೇವಾಲಯಗಳನ್ನು ಘೋಷಿಸಿದರು. ಅವರು ತೀರಿಕೊಂಡ ನಂತರದ ಅಕ್ಟೋಬರ್ ಸಮ್ಮೇಳನದಲ್ಲಿ, ಇನ್ನೂ ಹನ್ನೆರಡರ ಮಂಡಳಿಯ ಅಧ್ಯಕ್ಷರಷ್ಟೇ ಆಗಿದ್ದ ಓಕ್ಸ್, ಯೋಜನೆಯ ಹಂತದಲ್ಲೇ ಬಹಳಷ್ಟು ದೇವಾಲಯಗಳಿರುವುದರಿಂದ ಹೊಸ ಘೋಷಣೆಗಳ ವೇಗ ತಗ್ಗಿಸುವುದು ಸೂಕ್ತವೆಂದರು.

ನೆಲ್ಸನ್‌ರ ಸಾವಿನಿಂದ ಹದಿನೈದರಲ್ಲಿ ಒಂದು ಸ್ಥಾನ ತೆರವಾಗಿತ್ತು. 2025ರ ನವೆಂಬರ್‌ನಲ್ಲಿ ಓಕ್ಸ್ ಅದಕ್ಕೆ ಫ್ರಾನ್ಸ್ ಮೂಲದ, 62 ವರ್ಷದ ಜೆರಾಲ್ಡ್ ಕೊಸೆ ಅವರನ್ನು ಕರೆದರು. ಡಿಸೆಂಬರ್ 27ರಂದು, ಓಕ್ಸ್ ನಂತರ ಮಂಡಳಿಯಲ್ಲಿ ಹಿರಿಯರಾಗಿದ್ದ ಜೆಫ್ರಿ ಆರ್. ಹಾಲೆಂಡ್ ತೀರಿಕೊಂಡರು, ಹಿರಿತನದಲ್ಲಿ ಎರಡನೆಯ ಸ್ಥಾನ ಐರಿಂಗ್‌ರದ್ದಾಯಿತು, ಉಳಿದವರೆಲ್ಲ ಒಂದೊಂದು ಮೆಟ್ಟಿಲು ಮೇಲೇರಿದರು. ಕೊಸೆ ತಮಗಿಂತ ಮೊದಲು ಸೇರಿದವರೆಲ್ಲರಿಗಿಂತ ಹೆಚ್ಚು ಕಾಲ ಬದುಕಿದರೆ ಅಧ್ಯಕ್ಷರಾಗುತ್ತಾರೆ. ಅಂದು ಅಪೊಸ್ತಲರು ಸೇರಿದಾಗ, ಅವರನ್ನು ಆರಿಸಿದ ಓಕ್ಸ್ ಆ ಸಭೆಯಲ್ಲಿ ಇರುವುದಿಲ್ಲ.